ಬಣ್ಣವೂ ಲಕ್ಷಣವೂ

ತರ್ಕಶಾಸ್ತ್ರದ ಹೊಸ್ತಿಲನ್ನು ದಾಟಿದ ವಿದ್ಯಾರ್ಥಿಗೆ ಮೊದಮೊದಲು ಎದುರಾಗುವುದು ಒಂದು ಹಸು. ಅನ್ನಂಭಟ್ಟನ ತರ್ಕಸಂಗ್ರಹವನ್ನು ದೀಪಿಕೆಯೊಡನೆ ಓದಿದವರಿಗೆಲ್ಲ ಈ ಹಸುವಿನ ಪರಿಚಯವುಂಟು. ಹಸುವಿನ ಲಕ್ಷಣವೇನು? ಕಪಿಲವರ್ಣವೇ ಲಕ್ಷಣವೆಂದರೆ, ಬಿಳಿಯ ಹಸುವೂ ಕರಿಯ ಹಸುವೂ ಹಸುಗಳೇ ಅಲ್ಲವೆಂದು ಹೇಳಿದಂತಾಯಿತು; ಇದು ಅವ್ಯಾಪ್ತಿ. ಕೊಂಬಿರುವುದೇ ಲಕ್ಷಣವೆಂದರೆ ಎಮ್ಮೆಯೂ ಹಸುವಾಗಿಬಿಡುತ್ತದೆ, ಇದು ಅತಿವ್ಯಾಪ್ತಿ. ಸೀಳಿಲ್ಲದ ಒಂಟಿಗೊರಸೇ ಲಕ್ಷಣವೆಂದರೆ ಅಂತಹ ಹಸು ಲೋಕದಲ್ಲಿ ಒಂದೂ ಸಿಕ್ಕದು; ಇದು ಅಸಂಭವ. ಕೊನೆಗೆ ಕೊರಳ ಕೆಳಗೆ ಜೋಲುವ ಸಾಸ್ನೆಯೇ, ಎಂದರೆ ಗಂಗೆದೊಗಲೇ, ಹಸುವಿನ ಲಕ್ಷಣವೆಂದು ನಿರ್ಣಯವಾಗುತ್ತದೆ. ಈ ಪಾಠವನ್ನು ಒಪ್ಪಿಸುವ ಹುಡುಗರು ತಮ್ಮಲ್ಲಿಯೇ ನಗುವುದುಂಟು. ಕೊಟ್ಟಿಗೆಯಲ್ಲಿ ಕಟ್ಟಿದ ಹಸುವನ್ನು ಗುರುತಿಸುವುದಕ್ಕೆ ಇಷ್ಟೊಂದು ಸನ್ನಾಹವೇಕೆಂದು ಅವರ ಸಂದೇಹ. ಆದರೆ ಕೊಟ್ಟಿಗೆಯನ್ನು ಬಿಟ್ಟು ಕಡಲಿನ ಕಡೆಗೆ ತಿರುಗಿದರೆ ಈ ಪಾಠದ ಬೆಲೆಯೆಷ್ಟೆಂಬುದು ತಿಳಿಯುತ್ತದೆ. ಹಸುವಿನ ವಿಷಯದಲ್ಲಿ ಬಣ್ಣಕ್ಕೆ ಮರುಳಾಗದ ಲೋಕವು ಹವಳದ ವಿಷಯದಲ್ಲಿ ಬಹು ಕಾಲದಿಂದಲೂ ಮರುಳಾಗಿಯೇ ಬಂದಿದೆ.

ಹವಳವೆಂದೊಡನೆ ಕನ್ನಡಿಗರ ಮನಸ್ಸಿಗೆ ತೋರುವುದು ಕೆಂಪು. ಮುತ್ತೈದೆಯರ ಕೊರಳ ಸರ, ನವರತ್ನದ ಉಂಗುರದಲ್ಲಿ ಕುಜನಿಗೆ ಸಲ್ಲುವ ಮಣಿ, ಕವಿಗಳ ನಾಯಿಕೆಯರ ತುಟಿ, ಇವೆಲ್ಲವೂ ಕೆಂಪೇ. ಸಂಸ್ಕೃತದಲ್ಲಿ ಇದಕ್ಕೆ ವಿದ್ರುಮವೆಂದೂ ಪ್ರವಾಲವೆಂದೂ ಹೆಸರು. ಅಮರಸಿಂಹನು ಎರಡನ್ನೂ ಜೊತೆಯಾಗಿ ಹೇಳಿದ್ದಾನೆ. ಪ್ರವಾಲವೆಂದರೆ ಎಳೆಯ ಚಿಗುರು ಎಂಬ ಅರ್ಥವೂ ಉಂಟು. ವಿದ್ರುಮದಲ್ಲಿ ದ್ರುಮವೇ, ಎಂದರೆ ಮರವೇ, ಅಡಗಿ ಕುಳಿತಿದೆ. ಆ ಪ್ರವಾಲವೇ ಹಳಗನ್ನಡದಲ್ಲಿ ಪವಳವಾಗಿ, ಮುಂದೆ ಪಕಾರವು ಹಕಾರಕ್ಕೆ ತಿರುಗಿ, ಇಂದಿನ ಹವಳವಾಯಿತು. ಹೀಗೆ ಹೆಸರುಗಳಲ್ಲಿಯೇ ಎರಡು ನಂಬಿಕೆಗಳು ನೆಲೆಸಿವೆ: ಹವಳವು ಕಡಲಿನಲ್ಲಿ ಬೆಳೆಯುವ ಒಂದು ಗಿಡ, ಅದರ ಬಣ್ಣ ಮಾವಿನ ಎಳೆಯ ಚಿಗುರಿನಂತೆ ಕೆಂಪು. ಎರಡೂ ಪೂರ್ತಿಯಾಗಿ ನಿಲ್ಲತಕ್ಕವಲ್ಲ.

ಈ ಭ್ರಮೆ ಭರತಖಂಡಕ್ಕೆ ಮಾತ್ರ ಮೀಸಲಾಗಿರಲಿಲ್ಲ. ನೀರಿನೊಳಗೆ ಮೆತ್ತಗಿದ್ದು ಗಾಳಿ ಸೋಕಿದೊಡನೆ ಕಲ್ಲಾಗುವ ಗಿಡವೇ ಹವಳವೆಂದು ಯೂರೋಪಿನ ಪ್ರಾಚೀನರೂ ನಂಬಿದ್ದರು. 1706ರಲ್ಲಿ ಮಾರ್ಸಿಲಿ ಎಂಬ ಇಟಲಿಯ ಪಂಡಿತನು ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳದ ಕೊಂಬೆಯನ್ನು ಕಡಲನೀರಿನ ಪಾತ್ರೆಯಲ್ಲಿಟ್ಟು ನೋಡಿದನು. ಕೊಂಬೆಯ ಮೇಲೆಲ್ಲ ಎಂಟೆಂಟು ದಳಗಳ ಬಿಳಿಯ ಹೂಗಳು ಅರಳಿದುವು. ಹೂವಿದ್ದ ಮೇಲೆ ಗಿಡವಲ್ಲದೆ ಮತ್ತೇನು? ಆತನು ಅಷ್ಟಕ್ಕೆ ತೃಪ್ತನಾದನು. ಕೆಲವು ವರ್ಷಗಳ ತರುವಾಯ ಮಾರ್ಸೇಲ್ಸಿನ ವೈದ್ಯನಾದ ಪೇಸೊನೆಲ್ ಎಂಬಾತನು ಅದೇ ಹೂಗಳನ್ನು ಇನ್ನೂ ಸಾವಧಾನವಾಗಿ ನೋಡಿ, ಅವು ಹೂಗಳಲ್ಲ, ಮುಟ್ಟಿದರೆ ಮುದುಡಿಕೊಳ್ಳುವ ಸಣ್ಣ ಪ್ರಾಣಿಗಳೆಂದು ತಿಳಿಸಿದನು. ಪ್ಯಾರಿಸ್ಸಿನ ವಿದ್ವತ್ಪರಿಷತ್ತಿನ ಮುಂದೆ 1727ರಲ್ಲಿ ಈ ಮಾತು ಬಂದಾಗ, ದೊಡ್ಡ ವಿಜ್ಞಾನಿಯಾದ ರೆಯೊಮೂರನು ಪೇಸೊನೆಲನ ಹೆಸರನ್ನೇ ಎತ್ತಲಿಲ್ಲ. ಇಂತಹ ವಿಪರೀತವಾದ ಅಭಿಪ್ರಾಯಕ್ಕೆ ಹೆಸರು ಹಚ್ಚಿ ಮನುಷ್ಯನನ್ನು ನಗೆಪಾಟಲು ಮಾಡಬಾರದೆಂಬ ದಾಕ್ಷಿಣ್ಯ ಆತನದು. 1742ರ ವೇಳೆಗೆ ಅದೇ ರೆಯೊಮೂರನು ಪೇಸೊನೆಲನು ಹೇಳಿದ್ದೇ ಸರಿಯೆಂದು ಒಪ್ಪಬೇಕಾಯಿತು.

ಹಾಗಾದರೆ ಹವಳವೆಂದರೇನು? ಒಂದು ಬಾಯಿ, ಆ ಬಾಯಿಯ ಸುತ್ತ ಬಳಸಿದ ಎಳೆಗೈಗಳು, ಒಳಗೆ ಒಂದು ಹೊಟ್ಟೆ, ಇಷ್ಟೇ ಆಸ್ತಿಯುಳ್ಳ ಅತ್ಯಲ್ಪವಾದ ಪ್ರಾಣಿ. ಒಂದರ ಮಗ್ಗುಲಲ್ಲಿ ಇನ್ನೊಂದು ಒಡೆದು, ಸಾವಿರಾರು ಪ್ರಾಣಿಗಳು ಅವಿಭಕ್ತ ಕುಟುಂಬದಂತೆ ಒಂದೇ ಮೈಯಾಗಿ ಬಾಳುತ್ತವೆ. ಕಡಲನೀರಿನಲ್ಲಿ ಕರಗಿರುವ ಸುಣ್ಣವನ್ನು ತೆಗೆದು ತಮ್ಮ ಬುಡದಲ್ಲಿ ಕಲ್ಲಿನ ಗೂಡುಗಳನ್ನು ಕಟ್ಟಿಕೊಳ್ಳುತ್ತವೆ. ಎಂಟು ಗರಿಗೈಗಳುಳ್ಳವು ಒಂದು ದೊಡ್ಡ ವಂಶ. ಒಡವೆಯ ಕೆಂಪು ಹವಳವು ಈ ವಂಶದ್ದು. ಆರರ ಲೆಕ್ಕದಲ್ಲಿ ಕೈಗಳುಳ್ಳವು ಇನ್ನೊಂದು ವಂಶ. ಉಷ್ಣಪ್ರದೇಶದ ಕಡಲುಗಳಲ್ಲಿ ಹವಳದ ದಿಬ್ಬಗಳನ್ನು ಕಟ್ಟುವವುಗಳಲ್ಲಿ ಬಹುಪಾಲು ಈ ವಂಶದವು. ಈ ದಿಬ್ಬದ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಒಂದು ಜಾತಿಯ ಪಾಚಿಯು ವಾಸಮಾಡುತ್ತದೆ. ಅದು ಬಿಸಿಲಿನಿಂದ ಅನ್ನವನ್ನು ಮಾಡಿ ಮನೆಯ ಯಜಮಾನನಿಗೂ ಬಡಿಸುತ್ತದೆ. ಯಜಮಾನನು ಅದಕ್ಕೆ ಆಶ್ರಯವನ್ನೂ ತನ್ನ ಮೈಯ ಕಶ್ಮಲರೂಪವಾದ ಗೊಬ್ಬರವನ್ನೂ ಕೊಡುತ್ತಾನೆ. ಹವಳಕ್ಕೆ ಬೇಕಾದ ಆಹಾರದ ದೊಡ್ಡ ಪಾಲು ಈ ಒಕ್ಕಲಿನಿಂದಲೇ ಬರುತ್ತದೆ. ಆ ಪಾಚಿಯ ಬಣ್ಣ ಕಂದು. ಆದುದರಿಂದ ಆರೋಗ್ಯವಾಗಿರುವ ದಿಬ್ಬದ ಹವಳವು ಬಹುಮಟ್ಟಿಗೆ ಕಂದಾಗಿಯೇ ಇರುತ್ತದೆ ಎಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇಂತಹ ಹವಳಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸವು ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಬೆಳೆದಿದೆ. ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಗಣಕಯಂತ್ರಗಳ ಉದ್ಯೋಗದಲ್ಲಿರುವ ಕನ್ನಡದ ತರುಣ ಗೃಹಸ್ಥನೊಬ್ಬನಿಗೂ ಇದು ಹತ್ತಿಕೊಂಡಿತು. ಅವನ ಹುಟ್ಟೂರು ಶಿವಮೊಗ್ಗ ಜಿಲ್ಲೆಯ ಸಾಗರ. ಹೆಸರು ಸಾಗರವಾದರೂ ಆ ಊರಿಗೆ ಕಡಲಿನ ತೆರೆ ಕೇಳಿಸುವುದಿಲ್ಲ. ಕಡಲನ್ನು ಕಾಣಬೇಕಾದರೆ ಘಟ್ಟವನ್ನಿಳಿಯಬೇಕು. ಬಾಲ್ಯದಲ್ಲಿ ಕೈಗೆ ಸಿಕ್ಕದ ಸಾಗರವನ್ನು ಅವನು ನಡುಮನೆಯಲ್ಲಿ ನಾಲ್ಕು ಗಾಜುಗಳ ನಡುವೆ ಕಟ್ಟಿಕೊಂಡನು. ಲೀಟರಿಗೆ 35 ಗ್ರಾಮಿನಷ್ಟು ಉಪ್ಪು, 25 ಅಥವಾ 26 ಡಿಗ್ರಿಯ ಶಾಖ, ಬಿಸಿಲಿಗೆ ಬದಲಾಗಿ ಪ್ರಖರವಾದ ದೀಪ, ತೆರೆಗೆ ಬದಲಾಗಿ ನೀರನ್ನು ನೂಕುವ ಯಂತ್ರ, ನೊರೆಯೆಬ್ಬಿಸಿ ಕೊಳೆಯನ್ನು ಹೊರಗೆ ಹಾಕುವ ಮತ್ತೊಂದು ಯಂತ್ರ. ಹಸುವನ್ನು ಸಾಕುವುದಕ್ಕಿಂತ ಇದರ ಚಾಕರಿ ಹೆಚ್ಚೆಂದು ಅವನ ಹೆಂಡತಿಯ ಮತ.

ಈ ಹವ್ಯಾಸಿಗಳ ಲೋಕದಲ್ಲಿ ಬಣ್ಣವೇ ಬೆಲೆ. ಕಂದು ಹವಳದ ತುಂಡನ್ನು ಸ್ನೇಹಿತರಿಗೆ ಸುಮ್ಮನೆ ಕೊಟ್ಟುಬಿಡುವುದುಂಟು. ಅದೇ ಜಾತಿಯ ಹವಳವು ಅಪೂರ್ವವಾದ ಬಣ್ಣವನ್ನು ತಾಳಿದರೆ, ಹೆಬ್ಬೆರಳಿನ ತುದಿಯಷ್ಟು ತುಂಡಿಗೆ ನೂರಾರು ಡಾಲರು. ಅಂತಹ ಬಣ್ಣಗಳಿಗೆ ಮಾರುವವರು ಒಡವೆಯಂಗಡಿಯ ರೀತಿಯಲ್ಲಿ ಬಿರುದುಗಳನ್ನು ಕೊಡುತ್ತಾರೆ. ಆ ಬಿರುದುಗಳು ಶಾಸ್ತ್ರದ ಹೆಸರುಗಳಲ್ಲ, ಸಂತೆಯ ಹೆಸರುಗಳು. ಒಂದೇ ಬಿರುದಿನಲ್ಲಿ ಎರಡು ಮೂರು ಜಾತಿಗಳು ಸೇರಿರುವುದೂ ಉಂಟು, ಒಂದೇ ಜಾತಿಗೆ ಹತ್ತು ಬಿರುದುಗಳಿರುವುದೂ ಉಂಟು. ಅವ್ಯಾಪ್ತಿ, ಅತಿವ್ಯಾಪ್ತಿಗಳೆರಡೂ ಒಂದೇ ಅಂಗಡಿಯಲ್ಲಿ ದೊರೆಯುತ್ತವೆ.

ತರುಣನು ಹಿಂದೆ ತಂದಿಟ್ಟಿದ್ದ ಕೊಂಬೆಕೊಂಬೆಯಾದ ಒಂದು ಹವಳವು ವರ್ಷಕ್ಕೆ ಮೇಲ್ಪಟ್ಟು ಕಂದಾಗಿಯೇ ಇತ್ತು. ಒಂದು ಬೇಸಗೆಯಲ್ಲಿ ಅದರ ಬಣ್ಣ ತಿರುಗಹತ್ತಿತು. ಮೊದಲು ತುದಿಗಳಲ್ಲಿ ನಸುಗೆಂಪು, ಆಮೇಲೆ ಕೊಂಬೆಗಳ ಉದ್ದಕ್ಕೂ ದಾಸವಾಳದ ಛಾಯೆ; ಮೂರು ವಾರಗಳಲ್ಲಿ ಇಡಿಯ ಹವಳವೇ ಒಳಗೆ ದೀಪವಿಟ್ಟಂತೆ ಜ್ವಲಿಸತೊಡಗಿತು. ಕಂಡವರೆಲ್ಲ ಬೆರಗಾದರು. ಚಿತ್ರವನ್ನು ನೋಡಿದ ಪರಿಚಿತನೊಬ್ಬನು ಐದು ತುಂಡುಗಳಿಗೆ ದೊಡ್ಡ ಮೊತ್ತವನ್ನು ಹೇಳಿ ಕಳುಹಿಸಿದನು. ಆದರೆ ಇದರ ಹೆಸರೇನು? ಹೆಸರು ತಿಳಿಯದೆ ಮಾರುವುದು ಹೇಗೆ? ಇಲ್ಲಿಂದ ತರುಣನ ಶೋಧನೆ ಮೊದಲಾಯಿತು.

ಮೊದಲು ಅವನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಗ್ರಂಥಗಳ ಚಿತ್ರಗಳನ್ನು ತಿರುವಿಹಾಕಿ ಅದೇ ಬಣ್ಣದ ಹವಳವನ್ನು ಹುಡುಕಿದನು. ಒಂದಲ್ಲ, ಎಂಟು ಹತ್ತು ಸಿಕ್ಕಿದುವು. ಒಂದರ ರೂಪಕ್ಕೂ ಇನ್ನೊಂದರ ರೂಪಕ್ಕೂ ಸಂಬಂಧವಿರಲಿಲ್ಲ. ಆಸ್ಟ್ರೇಲಿಯದ ವೆರನ್ ಪಂಡಿತನು 2000ದಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಹವಳಗಳ ಮಹಾಗ್ರಂಥವನ್ನು ನೋಡಿದವರಿಗೆ ಒಂದು ಸಂಗತಿ ಬೇಗನೆ ಮನದಟ್ಟಾಗುತ್ತದೆ: ಒಂದೇ ಜಾತಿಯ ಹವಳವು ಒಂದು ಕಡೆ ಹಸುರು, ಇನ್ನೊಂದು ಕಡೆ ನೀಲಿ, ಮತ್ತೊಂದು ಕಡೆ ಕಂದು. ಬಣ್ಣವು ಇಲ್ಲಿ ಕಪಿಲೆಯ ಕಪಿಲತ್ವದಂತೆಯೇ ಸರಿ.

ಬಣ್ಣದ ಮೋಸವು ಎಷ್ಟು ಬಗೆಯೆಂಬುದಕ್ಕೆ ಕೆಲವು ನಿದರ್ಶನಗಳು ಸಾಲುತ್ತವೆ. ಒಡವೆಯ ಹವಳದಲ್ಲಿ ಕೆಂಪಾಗಿರುವುದು ಒಳಗಿನ ಕಲ್ಲು. ಅದನ್ನು ಕಟ್ಟಿದ ಪ್ರಾಣಿಗಳು ಬಿಳಿ. ನೀಲಿ ಹವಳವೆಂಬುದು ಜೀವದಿಂದಿರುವಾಗ ಹೊರಕ್ಕೆ ಕಂದಾಗಿಯೋ ಹಸುರಾಗಿಯೋ ಕಾಣುತ್ತದೆ. ಮುರಿದರೆ ಒಳಗಿನ ಕಲ್ಲು ನೀಲಿ. ಕೊಳವೆಗಳನ್ನು ಜೋಡಿಸಿದಂತಿರುವ ಕೊಳಲು ಹವಳದ ಕಲ್ಲೂ ಕೆಂಪೇ. ಆದರೂ ಅದು ಒಡವೆಯ ಹವಳವಲ್ಲ. ಸೂರ್ಯಹವಳವೆಂಬ ಕಿತ್ತಳೆಬಣ್ಣದ ಹವಳದ ಮೈಯಲ್ಲಿ ಪಾಚಿಯೇ ಇಲ್ಲ. ಅದು ಬಿಸಿಲನ್ನು ನೆಚ್ಚದೆ ತಾನೇ ಬೇಟೆಯಾಡಿ ಉಣ್ಣುತ್ತದೆ. ಗೋನಿಯೋಪೊರ, ಆಲ್ವಿಯೋಪೊರ ಎಂಬ ಎರಡು ಕುಲಗಳು ಹೂಗೊಂಚಲುಗಳಂತೆ ಒಂದನ್ನೊಂದು ಹೋಲುತ್ತವೆ. ಎರಡರಲ್ಲಿಯೂ ಹಸುರು, ನಸುಗೆಂಪುಗಳುಂಟು. ಅವುಗಳನ್ನು ಬೇರ್ಪಡಿಸುವುದು ಎಣಿಕೆ: ಮೊದಲನೆಯದಕ್ಕೆ ಬಾಯಿಯ ಸುತ್ತ 24 ಎಳೆಗೈಗಳು, ಎರಡನೆಯದಕ್ಕೆ 12. ಕೈಗಳನ್ನು ಎಣಿಸುವಷ್ಟು ತಾಳ್ಮೆಯಿದ್ದವನಿಗೆ ಬಣ್ಣದ ಹಂಗಿಲ್ಲ.

ತರುಣನೂ ಕಡೆಗೆ ಭೂತಗನ್ನಡಿಯನ್ನು ಕೈಗೆ ತೆಗೆದುಕೊಂಡನು. ಅವನ ಹವಳದ ಪ್ರತಿಯೊಂದು ಕೊಂಬೆಯ ನೆತ್ತಿಯಲ್ಲಿಯೂ ಮಿಕ್ಕವಕ್ಕಿಂತ ದೊಡ್ಡದಾದ ಒಂದು ಗೂಡು. ಕೊಂಬೆಯ ಮಗ್ಗುಲುಗಳಲ್ಲಿ ಸುತ್ತಲೂ ಸಣ್ಣ ಸಣ್ಣ ಗೂಡುಗಳು. ನೆತ್ತಿಯ ಪ್ರಾಣಿ ಮೇಲಕ್ಕೆ ಬೆಳೆಯುತ್ತ ಹೋಗುತ್ತದೆ. ಮಗ್ಗುಲಿನವು ಅದರಿಂದಲೇ ಒಡೆದು ಹುಟ್ಟುತ್ತವೆ. ಇದೇ ಆಕ್ರೊಪೊರ ಎಂಬ ಕುಲದ ಗಂಗೆದೊಗಲು. ಕುಲವು ಹೀಗೆ ನಿರ್ಣಯವಾಯಿತು. ಆ ಕುಲದಲ್ಲಿ ನೂರಕ್ಕೆ ಮೇಲ್ಪಟ್ಟ ಜಾತಿಗಳಿವೆ. ಅವುಗಳಲ್ಲಿ ಇದು ಯಾವುದೆಂದು ಹೇಳಬೇಕಾದರೆ ಜೀವವನ್ನು ಕಳೆದು ಬರಿಯ ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಷ್ಟಾದರೂ ನಿಶ್ಚಯವೆಂದು ಹೇಳುವ ಹಾಗಿಲ್ಲ. 2004ರಲ್ಲಿ ಹವಳಗಳ ವಂಶತಂತುಗಳನ್ನು ಪರೀಕ್ಷಿಸಿದಾಗ, ಕಲ್ಲಿನ ರೂಪವನ್ನು ನೋಡಿ ಒಂದೇ ಕುಟುಂಬವೆಂದು ಸೇರಿಸಿದ್ದ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಹವಳಗಳು ವಾಸ್ತವವಾಗಿ ಬಹು ದೂರದ ನೆಂಟರೆಂದು ತಿಳಿದುಬಂದಿತು. ಹೆಸರಿಗಾಗಿ ಹವಳವನ್ನು ಕೊಲ್ಲುವುದು ತರುಣನಿಗೆ ಒಪ್ಪಲಿಲ್ಲ. ಆಕ್ರೊಪೊರವೆಂಬಲ್ಲಿಗೆ ಸಾಕುಮಾಡಿದನು.

ಕುಲವು ತಿಳಿಯಿತು, ಬಣ್ಣವು ಎಲ್ಲಿಂದ ಬಂದಿತೆಂಬುದು ಮಾತ್ರ ಉಳಿಯಿತು. ಇದಕ್ಕೆ ವಿಜ್ಞಾನವು ಕೊಡುವ ಉತ್ತರ ಸ್ವಾರಸ್ಯವಾದುದು. 1962ರಲ್ಲಿ ಜಪಾನಿನ ಶಿಮೊಮುರ ಎಂಬಾತನು ಒಂದು ಜಾತಿಯ ಅಂಬಲಿಮೀನಿನಿಂದ ಹಸುರಾಗಿ ಹೊಳೆಯುವ ಪ್ರೋಟೀನನ್ನು ಬೇರ್ಪಡಿಸಿದನು. 1999ರಲ್ಲಿ ಮಾಸ್ಕೋದ ವಿಜ್ಞಾನಿಗಳು ಅದರ ದಾಯಾದಿಗಳನ್ನು ಹವಳಗಳ ಬಳಗದಲ್ಲಿ ಕಂಡುಹಿಡಿದರು. ಅವುಗಳಲ್ಲಿ ಕೆಂಪಾಗಿ ಹೊಳೆಯುವುದೂ ಒಂದು. ಜೀವಕಣಗಳ ಒಳಗನ್ನು ಬೆಳಗಿಸಿ ನೋಡುವುದಕ್ಕೆ ಈ ಪ್ರೋಟೀನುಗಳು ಎಷ್ಟು ಉಪಯೋಗವಾದುವೆಂದರೆ, 2008ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಶಿಮೊಮುರ, ಚಾಲ್ಫಿ, ಚೆನ್ ಎಂಬ ಮೂವರಿಗೆ ಸಂದಿತು. ಹವಳವು ಈ ಬಣ್ಣಗಳನ್ನು ಅಲಂಕಾರಕ್ಕಾಗಿ ತಯಾರಿಸುವುದಿಲ್ಲ. ಬೆಳಕು ಅತಿಯಾದ ಕಡೆ ಇವು ಕೊಡೆಯಂತೆ ನಿಂತು ಒಳಗಿನ ಪಾಚಿಯನ್ನು ಕಾಪಾಡುತ್ತವೆ. ಬೆಳೆಯುವ ತುದಿಗಳಲ್ಲಿಯೂ ಗಾಯವಾದ ಅಂಚುಗಳಲ್ಲಿಯೂ ಇವು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಆದುದರಿಂದ ಬಣ್ಣವು ಸುಖದ ಗುರುತೂ ಆಗಬಹುದು, ಸಂಕಟದ ಗುರುತೂ ಆಗಬಹುದು.

ತರುಣನ ಹವಳಕ್ಕೆ ಇವೆರಡರಲ್ಲಿ ಯಾವುದು? ಇದನ್ನು ಮೊದಲು ಸಂದೇಹಿಸಿದವರು ಗ್ರಂಥವನ್ನು ಓದಿದವರಲ್ಲ. ಮಗನ ಮನೆಯಲ್ಲಿ ಆರು ತಿಂಗಳು ಇದ್ದುಹೋಗಲು ಬಂದಿದ್ದ ತಾಯಿ ಪ್ರತಿದಿನವೂ ತೊಟ್ಟಿಯ ಮುಂದೆ ಕುಳಿತು ಜಪಮಾಡುತ್ತಿದ್ದರು. ಅಡಿಕೆಯ ತೋಟದಲ್ಲಿಯೇ ಮುಪ್ಪಾದ ಜೀವ. ಒಂದು ದಿನ ಆಕೆ ಮಗನನ್ನು ಕರೆದು, “ಬಣ್ಣವೇನೋ ಚೆಂದ ಕಣೋ ಮಾಣಿ; ಆದರೆ ಇದು ಉಣ್ಣುತ್ತಿದೆಯೇ? ಹುಳ ಹೊಕ್ಕ ಮಾವಿನಕಾಯಿಯೇ ಎಲ್ಲಕ್ಕಿಂತ ಮೊದಲು ಕೆಂಪಾಗುವುದು” ಎಂದರು.

“ಅಮ್ಮಾ, ಇದು ಹಣ್ಣಲ್ಲವಷ್ಟೆ” ಎಂದು ಮಗನು ನಕ್ಕನು.

“ಹಣ್ಣಲ್ಲದಿದ್ದರೇನು? ಜೀವ ತಾನೆ?”

ಮಗನು ಆ ರಾತ್ರಿ ಮತ್ತೆ ಭೂತಗನ್ನಡಿಯನ್ನು ಹಿಡಿದನು. ಮೊದಲು ಗೂಡುಗಳನ್ನು ನೋಡಿದ್ದನೇ ಹೊರತು ಗೂಡಿನೊಳಗಿನ ಪ್ರಾಣಿಗಳನ್ನು ನೋಡಿರಲಿಲ್ಲ. ಅವು ಎಳೆಗೈಗಳನ್ನು ಚಾಚದೆ ಒಳಗೆ ಮುದುಡಿದ್ದುವು. ಕೊಂಬೆಯ ಬುಡದಲ್ಲಿ ಚರ್ಮವು ತೆಳುವಾಗಿ, ನಸುಗೆಂಪಿನ ಹಿಂದೆ ಬಿಳಿಯ ಕಲ್ಲು ಕಾಣುತ್ತಿತ್ತು. ಕಂದು ಎಲ್ಲಿಯೂ ಉಳಿದಿರಲಿಲ್ಲ. ಎಂದರೆ ಅನ್ನವಿಕ್ಕುವ ಪಾಚಿ ಮನೆಯನ್ನು ಬಿಟ್ಟಿತ್ತು. ಕಂದು ಹೋದುದರಿಂದಲೇ ಕೆಂಪು ಎದ್ದು ತೋರಿದ್ದಿತು.

ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಲ್ಲಿ ವೀಡೆನ್‌ಮಾನ್ ಎಂಬ ವಿಜ್ಞಾನಿಯ ಬಳಗವು 2020ರಲ್ಲಿ ಈ ವಿಷಯವನ್ನು ವಿವರಿಸಿದೆ. ಪಾಚಿಯು ಹೊರಟುಹೋದರೆ ಬಿಳಿಯ ಕಲ್ಲಿನ ಮೇಲೆ ಬಿದ್ದ ಬೆಳಕು ಹಿಂದಿರುಗಿ ಹವಳದ ಮೈಯೊಳಗೆ ಇಮ್ಮಡಿ ಮುಮ್ಮಡಿಯಾಗಿ ಸುಳಿಯುತ್ತದೆ. ಆ ಬೆಳಕಿನ ಪ್ರೇರಣೆಯಿಂದಲೇ ಹವಳವು ಬಣ್ಣದ ಪ್ರೋಟೀನನ್ನು ಹೇರಳವಾಗಿ ತಯಾರಿಸಿ ಕೊಡೆಯನ್ನು ಬಿಚ್ಚುತ್ತದೆ. ಕೊಡೆಯ ನೆರಳಿನಲ್ಲಿ ಪಾಚಿಯು ಮರಳಿ ಬಂದು ನೆಲೆಸಿದರೆ ಬೆಳಕು ತಗ್ಗುತ್ತದೆ, ಬಣ್ಣವೂ ಇಳಿಯುತ್ತದೆ. ನೀರಿನ ಶಾಖವು ಸ್ವಲ್ಪ ಹೆಚ್ಚಾದಾಗಲೂ, ನೀರಿನಲ್ಲಿ ಪಾಚಿಗೆ ಬೇಕಾದ ಸತ್ವಗಳು ಏರುಪೇರಾದಾಗಲೂ ಹೀಗಾಗುವುದುಂಟು. ಎರಡು ಮೂರು ವಾರಗಳಷ್ಟರಲ್ಲಿಯೇ ಈ ಬಣ್ಣ ಏರಬಲ್ಲುದು. ತೀರ ಕಠಿನವಾದ ಪೆಟ್ಟು ಬಿದ್ದ ಹವಳಕ್ಕೆ ಇಷ್ಟು ಮಾಡುವ ಶಕ್ತಿಯೂ ಉಳಿಯುವುದಿಲ್ಲ. ಅದು ಬೆಳ್ಳಗಾಗಿ ಸಾಯುತ್ತದೆ.

ತರುಣನ ತೊಟ್ಟಿಯಲ್ಲಿ ಆದುದು ಮಡಿಯ ಅತಿರೇಕ. ಬೇಸಗೆಯ ಮೊದಲಲ್ಲಿ ಅವನು ಕೊಳೆಯನ್ನು ತೆಗೆಯುವ ಯಂತ್ರವನ್ನು ಇನ್ನೂ ದೊಡ್ಡದನ್ನಾಗಿ ತಂದಿಟ್ಟು, ಮೀನುಗಳಿಗೆ ಹಾಕುವ ಆಹಾರವನ್ನು ಕಡಮೆಮಾಡಿದ್ದನು. ನೀರು ಸ್ಫಟಿಕದಂತಾಯಿತು. ಪರೀಕ್ಷೆಯಲ್ಲಿ ನೈಟ್ರೇಟು, ಫಾಸ್ಫೇಟುಗಳೆರಡೂ ಸೊನ್ನೆಯೆಂದು ಬಂದಾಗ ಅವನು ಹಿಗ್ಗಿದನು. ಆ ಸೊನ್ನೆಯೇ ಒಕ್ಕಲಿನ ಉಪವಾಸ. ಅದರ ಮೇಲೆ ಹೊಸ ದೀಪದ ಪ್ರಖರತೆಯೂ ಸೇರಿತು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ತೊಟ್ಟಿಯ ಮೇಲೆ ಬರೆದಿಡುವುದೊಂದು ಬಾಕಿಯಿತ್ತು.

ಇಷ್ಟರಲ್ಲಿ ಕೊಳ್ಳುವವನಿಂದ ಮತ್ತೆ ಕೇಳಿಕೆ ಬಂದಿತು. ಇಲ್ಲಿ ತರುಣನ ಧರ್ಮಕ್ಕೆ ಪರೀಕ್ಷೆ. ಐದು ತುಂಡುಗಳನ್ನು ಕತ್ತರಿಸಿ ಕಳುಹಿಸಿದ್ದರೆ ಕೇಳುವವರಿರಲಿಲ್ಲ. ಅಂದಿನ ಬಣ್ಣ ಅಂದಿನ ದಿಟವೇ ಆಗಿತ್ತು. ಆ ಹಣದಿಂದ ತೊಟ್ಟಿಯ ಒಂದು ವರ್ಷದ ಖರ್ಚು ನಡೆಯುತ್ತಿತ್ತು. ಆದರೆ ಉಪವಾಸದಲ್ಲಿರುವ ಪ್ರಾಣಿಗೆ ಕತ್ತಿಯ ಗಾಯವೂ ಪ್ರಯಾಣದ ಆಯಾಸವೂ ಸೇರಿದರೆ ಅದು ಉಳಿಯುವುದು ಸಂಶಯ. ಉಳಿದರೂ ಮರಳಿ ಕಂದಾಗುವುದು ನಿಶ್ಚಯ. ತರುಣನು ಇರುವ ಸಂಗತಿಯನ್ನು ತಿಳಿಸಿ, ಇದು ಹವಳದ ಜಾತಿಯ ಬಣ್ಣವಲ್ಲ, ಅದರ ಕಷ್ಟದ ಬಣ್ಣವೆಂದು ಬರೆದನು. ಕೊಳ್ಳುವವನು, ಕಷ್ಟದ್ದಾದರೂ ಆಗಲಿ, ಬೆಲೆಯನ್ನು ಸ್ವಲ್ಪ ಇಳಿಸಿದರೆ ತನಗೆ ಒಪ್ಪಿಗೆಯೆಂದನು. ತರುಣನು ಒಪ್ಪಲಿಲ್ಲ.

ಚಿಕಿತ್ಸೆ ಸುಲಭವಾಗಿತ್ತು, ಬೇಕಾದುದು ತಾಳ್ಮೆ. ದೀಪವನ್ನು ತಗ್ಗಿಸಿದನು, ನೊರೆಯ ಯಂತ್ರವನ್ನು ದಿನದಲ್ಲಿ ಕೆಲವು ಗಂಟೆ ನಿಲ್ಲಿಸಿದನು, ಮೀನುಗಳಿಗೆ ಎರಡು ಹೊತ್ತು ಆಹಾರವಿಟ್ಟನು. ಗಾಜಿನ ಮೇಲೆ ಸ್ವಲ್ಪ ಪಾಚಿ ಕಟ್ಟಿತು. ನೀರಿನ ಸ್ಫಟಿಕತ್ವ ಹೋಯಿತು. ಒಂದು ಕೊಂಬೆ ಉಳಿಯಲಿಲ್ಲ. ಮಿಕ್ಕವುಗಳಲ್ಲಿ ಎಳೆಗೈಗಳು ಮೊದಲು ರಾತ್ರಿಯಲ್ಲಿ, ಆಮೇಲೆ ಹಗಲಿನಲ್ಲಿಯೂ ಹೊರಕ್ಕೆ ಬಂದುವು. ಮೂರು ತಿಂಗಳ ಹೊತ್ತಿಗೆ ದಾಸವಾಳದ ಬಣ್ಣವು ಇಳಿದು, ಹವಳವು ಹಿಂದಿನಂತೆ ಕಂದಾಯಿತು. ನೋಡಲು ಬರುವವರೂ ಕಡಮೆಯಾದರು.

ಇದು ಒಂದು ಮನೆಯ ತೊಟ್ಟಿಯ ಮಾತು. ದೀಪವನ್ನು ತಗ್ಗಿಸಿ, ನೀರನ್ನು ಸರಿಪಡಿಸಿ ಹವಳವನ್ನು ಉಳಿಸಿಕೊಳ್ಳುವುದು ತೊಟ್ಟಿಯಲ್ಲಿ ಸಾಧ್ಯ. ಕಡಲಿಗೆ ಅಂತಹ ಗುಂಡಿಯಿಲ್ಲ. ಬೇಸಗೆಯ ಗರಿಷ್ಠ ಶಾಖಕ್ಕಿಂತ ನೀರು ಒಂದೇ ಡಿಗ್ರಿ ಮೇಲೇರಿ ಕೆಲವು ವಾರಗಳು ನಿಂತರೂ ಪಾಚಿಯು ಹವಳವನ್ನು ಬಿಡುತ್ತದೆ. 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ ಭೂಮಂಡಲದ ಅನೇಕ ಸಮುದ್ರಗಳಲ್ಲಿ ಹೀಗಾಯಿತು. ನಾಲ್ಕನೆಯ ಬಾರಿಗೆ ಆಗುತ್ತಿರುವುದಾಗಿ 2024ರ ಏಪ್ರಿಲಿನಲ್ಲಿ ಸಾರಲಾಯಿತು. ಲಕ್ಷದ್ವೀಪದ ಹವಳಗಳು ಈ ಪೆಟ್ಟನ್ನು ಮೇಲಿಂದ ಮೇಲೆ ತಿಂದಿವೆ. ಕನ್ನಡ ನಾಡಿನ ತೀರದಲ್ಲಿ ಮುರುಡೇಶ್ವರದ ಕಡೆಯಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿಯ ದ್ವೀಪದ ಸುತ್ತಲೂ ಹವಳಗಳಿವೆ. ಅವುಗಳನ್ನು ಕಂಡುಬರಬಹುದು, ಕಿತ್ತುತರುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಿದುದರಿಂದ ಅವಕ್ಕೆ ಹುಲಿಗೆ ಸಲ್ಲುವ ರಕ್ಷಣೆಯೇ ಸಲ್ಲುತ್ತದೆ.

ಬಣ್ಣವು ಹವಳದ ಲಕ್ಷಣವಲ್ಲವೆಂದು ಮೇಲೆ ಹೇಳಿತಷ್ಟೆ. ಹಾಗೆಂದು ಬಣ್ಣವು ನಿಷ್ಪ್ರಯೋಜಕವೆಂದು ತಿಳಿಯಬಾರದು. ತರ್ಕದಲ್ಲಿ ಲಕ್ಷಣ ಬೇರೆ, ಲಿಂಗ ಬೇರೆ. ಹೊಗೆಯು ಬೆಟ್ಟದ ಲಕ್ಷಣವಲ್ಲ. ಹೊಗೆಯಿಲ್ಲದಿದ್ದರೂ ಬೆಟ್ಟವು ಬೆಟ್ಟವೇ. ಆದರೆ ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಊಹಿಸಬೇಕು. ಹವಳದ ಬಣ್ಣವೂ ಇಂತಹುದೇ. ಅದು ಯಾರೆಂಬುದನ್ನು ಬಣ್ಣವು ಹೇಳಲಾರದು, ಹೇಗಿದೆಯೆಂಬುದನ್ನು ಹೇಳಬಲ್ಲುದು. ಅದಾದರೂ ಒಂಟಿಯಾಗಿ ಹೇಳಲಾರದು. ಮುದುಡಿದ ಕೈಗಳನ್ನೂ ತೆಳುವಾದ ಚರ್ಮವನ್ನೂ ಕಾಣುವ ಬಿಳಿಯ ಕಲ್ಲನ್ನೂ ಜೊತೆಯಲ್ಲಿ ನೋಡಬೇಕು. ಇಲ್ಲವಾದರೆ ಮಂಜನ್ನು ಹೊಗೆಯೆಂದು ತಿಳಿದವನಂತೆ ಅಸಿದ್ಧಿದೋಷಕ್ಕೆ ಸಿಕ್ಕಿಕೊಳ್ಳಬೇಕಾಗುತ್ತದೆ. ಅಪೂರ್ವವಾದ ಬಣ್ಣದ ಜೀವಿಯೊಂದು ಕಣ್ಣಿಗೆ ಬಿದ್ದಾಗ ಇದರ ಹೆಸರೇನು, ಬೆಲೆಯೇನು ಎಂದು ಕೇಳುವುದು ಸಹಜ. ಉಣ್ಣುತ್ತಿದೆಯೇ ಎಂಬ ಪ್ರಶ್ನೆಯನ್ನು ಅವೆರಡಕ್ಕಿಂತ ಮೊದಲು ಕೇಳುವುದು ಮೇಲು.